ಕಂಪನಿಯ ಕಂಠ

ಹಂಸಭಾವಿಯಲ್ಲಿ ಈಚೆಗೊಂದು ದಿನ ಪಾಠ ಮುಗಿದ ಮೇಲೆ, ವಿದ್ಯಾರ್ಥಿಯೊಬ್ಬ ತನಗೆ ಪ್ರಿಯವಾದ ವಿದೇಶದ ರಾಕ್ ಬ್ಯಾಂಡೊಂದರ ಕಥೆಯನ್ನು ಹೇಳತೊಡಗಿದ. ಹಾಡುವವನು ಬಿಟ್ಟುಹೋದ, ಗಿಟಾರಿನವನು ಜಗಳವಾಡಿ ಬೇರೊಂದು ಬ್ಯಾಂಡು ಕಟ್ಟಿದ, ಡ್ರಮ್ಮಿನವನು ಬದಲಾದ, ಹೆಸರು ಮಾತ್ರ ಹಾಗೆಯೇ ಉಳಿದಿದೆಯಂತೆ. “ಹೀಗಾದರೆ ಅದು ಅದೇ ಬ್ಯಾಂಡು ಹೇಗಾದೀತು, ಸರ್?” ಎಂಬುದು ಅವನ ಸಂಕಟ.

ನನಗೆ ನಗು ಬಂದಿತು. ಇದೇ ಸಂಕಟವನ್ನು ಅವನ ಮುತ್ತಜ್ಜಂದಿರು ಗಿಟಾರಿಲ್ಲದೆಯೇ ಅನುಭವಿಸಿದ್ದರು. ಜಾತ್ರೆಯ ಕಾಲಕ್ಕೆ ನಾಟಕದ ಡೇರೆ ಎದ್ದಿತೆಂದರೆ “ಯಾವ ಕಂಪನಿ ಬಂದೈತಿ?” ಎಂಬುದು ನಮ್ಮ ಕಡೆಯವರ ಮೊದಲ ಪ್ರಶ್ನೆ, “ಈ ಸಲ ಹಾಡೋರು ಯಾರದಾರ?” ಎಂಬುದು ಎರಡನೆಯದು. ಟಿಕೇಟು ತೆಗೆಸುತ್ತಿದ್ದುದು ಎರಡನೆಯದರ ಉತ್ತರವೇ. ಆದರೆ ರಂಗಭೂಮಿಯ ಚರಿತ್ರೆ ಬರೆದವರು ಹೆಚ್ಚಾಗಿ ಮೊದಲ ಪ್ರಶ್ನೆಗೇ ಉತ್ತರ ಕೊಟ್ಟಿದ್ದಾರೆ: ಮಾಲಿಕರ ಹೆಸರು, ನಾಟಕದ ಹೆಸರು, ಸ್ಥಾಪನೆಯ ಇಸವಿ. ಹಾಡುವವರ ಹೋಗುಬರುವಿಕೆಯ ಕಥೆ ಅಲ್ಲಲ್ಲಿ ಚದುರಿ ಬಿದ್ದಿದೆ.

ಈ ಕಥೆಯ ಬೇರು ನಮ್ಮ ನೆಲದಲ್ಲಿಯೇ ಇದೆ. ಮರಾಠಿ ಸಂಗೀತ ನಾಟಕದ ಮೂಲಪುರುಷರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ಅವರ ‘ಶಾಕುಂತಲ’ ರಂಗಕ್ಕೇರಿತು. ಐದೇ ವರ್ಷಗಳಲ್ಲಿ ಅವರು ತೀರಿಕೊಂಡರು. ಮಂಡಳಿ ನಿಲ್ಲಲಿಲ್ಲ. ಸುಭದ್ರೆಯಾಗಿ ಹಾಡಿ ಜನರನ್ನು ಮರುಳುಮಾಡಿದ ಭಾವೂರಾವ್ ಕೊಲ್ಹಟಕರರ ಕಂಠ ಅದನ್ನು ಹೊತ್ತು ನಡೆಯಿತು. 1901ರಲ್ಲಿ ಅವರೂ ಹೋದರು. 1905ರಲ್ಲಿ ಹದಿಹರೆಯದ ನಾರಾಯಣರಾವ್ ರಾಜಹಂಸರು, ಎಂದರೆ ಬಾಲಗಂಧರ್ವರು, ಬಂದು ಆ ಬರಿದಾದ ಜಾಗವನ್ನು ತುಂಬಿದರು. 1913ರಲ್ಲಿ ಅವರೇ ಗಣಪತರಾವ್ ಬೋಡಸರೊಡನೆಯೂ ಗೋವಿಂದರಾವ್ ಟೆಂಬೆಯವರೊಡನೆಯೂ ಹೊರಬಿದ್ದು ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ಈ ಮೂವರಲ್ಲಿ ಒಬ್ಬರು ಹಾಡುವವರು, ಒಬ್ಬರು ನಟರು, ಇನ್ನೊಬ್ಬರು ಹಾರ್ಮೋನಿಯಂ ನುಡಿಸುವವರೆಂಬುದನ್ನು ಗಮನಿಸಬೇಕು. ಪೇಟಿ ಮಾಸ್ತರನು ಕಂಪನಿಯ ಪಾಲುದಾರನಾಗುವಷ್ಟು ಸಂಗೀತಕ್ಕೆ ಬೆಲೆಯಿದ್ದ ಕಾಲವದು. ಮುಂದೆ ಟೆಂಬೆಯವರೂ ಬೋಡಸರೂ ಒಬ್ಬೊಬ್ಬರಾಗಿ ಅಲ್ಲಿಂದಲೂ ಹೊರಟರು.

ಇತ್ತ ಕಿರ್ಲೋಸ್ಕರ ಮಂಡಳಿಗೆ ದೀನಾನಾಥ ಮಂಗೇಶಕರರು ಬಂದರು. 1918ರಲ್ಲಿ ಅವರೂ ಗೆಳೆಯರೊಡನೆ ಹೊರಬಂದು ಬಲವಂತ ಸಂಗೀತ ಮಂಡಳಿಯನ್ನು ತೆರೆದರು. ಇಷ್ಟೆಲ್ಲ ಆದರೂ ಹಳೆಯ ಬೋರ್ಡು ಇದ್ದೇ ಇದ್ದಿತು.

ಹುಬ್ಬಳ್ಳಿಗೂ ಇದರಲ್ಲಿ ಪಾಲುಂಟು. ಚಿಕ್ಕ ಹುಡುಗನಾಗಿದ್ದಾಗಲೇ ‘ಶಾರದಾ’ ನಾಟಕದ ನಾಯಕಿಯಾಗಿ ಹೆಸರು ಮಾಡಿದ್ದ ಕೇಶವರಾವ್ ಭೋಸಲೆಯವರು ತಾವು ಬೆಳೆದ ಕಂಪನಿಯನ್ನು ಬಿಟ್ಟು, 1908ರ ಜನವರಿ 1ರಂದು ಹುಬ್ಬಳ್ಳಿಯಲ್ಲಿ ಲಲಿತಕಲಾದರ್ಶವನ್ನು ಸ್ಥಾಪಿಸಿದರು. ಮಾಲಿಕರಿಗೆ ಆಗ ಇಪ್ಪತ್ತು ಕೂಡ ತುಂಬಿರಲಿಲ್ಲ! ಮುಂದೆ ಅವರಿಗೂ ಬಾಲಗಂಧರ್ವರಿಗೂ ಪೈಪೋಟಿ ಬೆಳೆದು, ರಸಿಕರು ಎರಡು ಪಕ್ಷವಾದರು. ಆದರೆ 1921ರ ಜುಲೈನಲ್ಲಿ ತಿಲಕ ಸ್ವರಾಜ್ಯ ನಿಧಿಗಾಗಿ ಮುಂಬಯಿಯಲ್ಲಿ ಇಬ್ಬರೂ ಒಂದೇ ರಂಗದ ಮೇಲೆ ‘ಮಾನಾಪಮಾನ’ವನ್ನು ಆಡಿದರು, ಬಾಲಗಂಧರ್ವರು ನಾಯಕಿ, ಕೇಶವರಾಯರು ನಾಯಕ. ಅದೇ ಅಕ್ಟೋಬರಿನಲ್ಲಿ ಕೇಶವರಾಯರು ಮೂವತ್ತೊಂದರ ಪ್ರಾಯದಲ್ಲಿ ತೀರಿಕೊಂಡರು. ಹುಬ್ಬಳ್ಳಿಯಲ್ಲಿ ಹುಟ್ಟಿದ ಆ ಹೆಸರನ್ನು ಬಾಪೂರಾವ್ ಪೆಂಢಾರಕರರು ಮುನ್ನಡೆಸಿದರು, ಅವರ ತರುವಾಯ ಮಗ ಭಾಲಚಂದ್ರರು.

ಇನ್ನು ಕನ್ನಡದ ಕಂಪನಿಗಳು. ಮರಾಠಿ ನಾಟಕಗಳ ಅಬ್ಬರವನ್ನು ಕಂಡು ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕಕ್ಕೆ ಕೈಹಾಕಿದ ಸಂಗತಿ ಓದುಗರಿಗೆ ತಿಳಿದದ್ದೇ. ಆಮೇಲೆ ನಮ್ಮ ಸೀಮೆಯಲ್ಲಿ ಹುಟ್ಟಿದ ಕಂಪನಿಗಳು ನಿಂತದ್ದು ಬಹುಮಟ್ಟಿಗೆ ಹುಡುಗರ ಗಂಟಲಿನ ಮೇಲೆ. ಧ್ರುವ, ಪ್ರಹ್ಲಾದ, ಲವಕುಶರು, ಹಾಗೆಯೇ ಎಳೆಯ ನಾಯಕಿಯರು, ಎಲ್ಲವೂ ಹುಡುಗರ ಪಾತ್ರಗಳೇ. ಧ್ವನಿವರ್ಧಕವಿಲ್ಲದ ಡೇರೆಯಲ್ಲಿ ಕಡೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಕೇಳಬೇಕಾದರೆ ಏರುದನಿಯೇ ಬೇಕು. ಅಂಥ ಹುಡುಗನನ್ನು ಹುಡುಕಿ, ತಂದೆತಾಯಿಯನ್ನು ಒಪ್ಪಿಸಿ, ಅನ್ನ ಹಾಕಿ, ಹಾಡು ಕಲಿಸಿ ತಯಾರುಮಾಡುವಷ್ಟರಲ್ಲಿ ಅವನಿಗೆ ಹದಿನಾಲ್ಕೋ ಹದಿನೈದೋ ತುಂಬುತ್ತಿತ್ತು. ಗಂಟಲು ಒಡೆಯುತ್ತಿತ್ತು! ಜಗಳವಿಲ್ಲ, ಲೆಕ್ಕಾಚಾರದ ತಂಟೆಯಿಲ್ಲ. ಕಂಪನಿ ತನ್ನ ಕಂಠವನ್ನು ಕಳೆದುಕೊಂಡಿತು. ಕೆಲವರು ಗಡಸು ದನಿಯ ಪಾತ್ರಗಳಿಗೆ ಸರಿದರು, ಕೆಲವರು ಪರದೆ ಎಳೆಯುತ್ತ ಉಳಿದರು, ಹಲವರು ಊರಿಗೆ ಮರಳಿ ಎತ್ತು ಹೂಡಿದರು. ಇವರ ಹೆಸರು ಯಾವ ಕರಪತ್ರದಲ್ಲಿಯೂ ಸಿಕ್ಕಲಾರದು. ನನಗೆ ಕೆಡುಕೆನಿಸುವುದು ಇದೇ.

ಉಳಿದವರ ಹೆಸರು ಮಾತ್ರ ದೊಡ್ಡದಾಯಿತು. ಧಾರವಾಡದ ಹತ್ತಿರದ ಮನಸೂರಿನ ಮಲ್ಲಿಕಾರ್ಜುನ, ಅಣ್ಣ ಬಸವರಾಜರ ಬೆನ್ನುಹತ್ತಿ ಎಳವೆಯಲ್ಲೇ ಬಣ್ಣ ಹಚ್ಚಿದವರು. ಅವರನ್ನು ಮಿರಜದ ನೀಲಕಂಠಬುವಾ ಶಿಷ್ಯನನ್ನಾಗಿ ಸ್ವೀಕರಿಸಿದರು. ರಂಗಕ್ಕೆ ಎರವಾದ ಕಂಠ ಸಂಗೀತಕ್ಕೆ ದಕ್ಕಿತು. ಕುಂದಗೋಳದ ರಾಮಭಾವು ಸ್ತ್ರೀ ಪಾತ್ರಗಳಲ್ಲಿ ಹಾಡಿಯೇ ಸವಾಯಿ ಗಂಧರ್ವರೆನಿಸಿದರು. ಹಿಂದೂಸ್ತಾನಿ ಸಂಗೀತದಲ್ಲಿ ಧಾರವಾಡದ ಹೆಸರು ಬೆಳಗಿದುದಕ್ಕೆ ನಾಟಕ ಕಂಪನಿಗಳು ಸಲ್ಲಿಸಿದ ಸುಂಕ ಸಣ್ಣದೇನಲ್ಲ. ಅತ್ತ ಬಾಲಗಂಧರ್ವರಿಗೆ ವಯಸ್ಸಾದಾಗ, 1930ರ ದಶಕದ ಕೊನೆಗೆ, ಅವರ ನಾಯಕಿಯ ಪಾತ್ರಗಳನ್ನು ವಹಿಸಿಕೊಂಡದ್ದು ನಮ್ಮ ಬೀಳಗಿಯ ಗೋಹರಬಾಯಿ. ಹೆಣ್ಣಿನ ಪಾತ್ರಕ್ಕೆ ಕೊನೆಗೂ ಹೆಣ್ಣಿನ ದನಿಯೇ ದೊರೆಯಿತು.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ ಕೊನೆಯ ಕಥೆ ಮಾತ್ರ ನಮ್ಮ ನೆರೆಯದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನನ್ನು ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತಕ್ಕೆ ಹಚ್ಚಿದರು. ಅವರೇ ಪಂಚಾಕ್ಷರಿ ಗವಾಯಿಗಳು. ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ನಡೆಯುತ್ತಿದ್ದ ಅವರ ಪಾಠಶಾಲೆಯೂ ಒಂದು ಮೇಳವೇ. ಯಲಿವಾಳದ ಬಸವರಾಜ ರಾಜಗುರು ಮೊದಲು ವಾಮನರಾವ್ ಮಾಸ್ತರರ ನಾಟಕ ಕಂಪನಿಯ ಹುಡುಗ. ಹದಿಮೂರರ ಸುಮಾರಿಗೆ ಗವಾಯಿಗಳು ಅವರನ್ನು ತಮ್ಮಲ್ಲಿಗೆ ಕರೆದುಕೊಂಡರು. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವಕ್ಕೆ ಹಂಪಿಯಲ್ಲಿ ಆ ಹುಡುಗ ಹಾಡಲು ಕುಳಿತಾಗ ತಬಲಾ ನುಡಿಸಿದವರು ಸ್ವತಃ ಗುರುಗಳು. ಹಾಡುವವನಿಗೆ ಹಿರಿಯನು ಪಕ್ಕವಾದ್ಯಕ್ಕೆ ಕೂಡುವ ಇಂಥ ಮೇಳ ನಾಟಕದ ಕಂಪನಿಗಳಲ್ಲಿ ಕಾಣಸಿಗುವುದು ಕಷ್ಟ.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. ಅವರೂ ಹಾನಗಲ್ಲ ಸೀಮೆಯವರೇ, ಅವರೂ ಅಂಧರೇ. ಆಶ್ರಮಕ್ಕೂ ಒಂದು ನಾಟಕ ಕಂಪನಿಯಿತ್ತು. ಅದಕ್ಕೆ ನಾಟಕಗಳನ್ನು ಬರೆದವರು ಪುಟ್ಟರಾಜರೇ. 2010ರಲ್ಲಿ ಅವರು ಕಣ್ಮರೆಯಾಗುವವರೆಗೂ ಅಲ್ಲಿ ಹುಡುಗರು ಬಂದರು, ಹೋದರು. ಗಂಟಲು ಅಲ್ಲಿಯೂ ಒಡೆಯುತ್ತಿತ್ತು. ಆದರೆ ಹಾಡು ನಿಂತ ಹುಡುಗನ ಕೈಗೆ ತಬಲಾವೋ ಪಿಟೀಲೋ ಹಾರ್ಮೋನಿಯಮ್ಮೋ ಬರುತ್ತಿತ್ತು; ಅವನು ಊರಿಗೆ ಮರಳಬೇಕಾಗಿರಲಿಲ್ಲ.