ಡಾರ್ವಿನ್ನನ ಮನೆ, ಮಕ್ಕಳು ಮತ್ತು ಹೂಕುಂಡಗಳು

ಚಾರ್ಲ್ಸ್ ಡಾರ್ವಿನ್ ಎಂದೊಡನೆ ನಮಗೆ ನೆನಪಾಗುವುದು ಬೀಗಲ್ ಹಡಗು, ಗ್ಯಾಲಪಾಗಸ್ ದ್ವೀಪಗಳು. ಆದರೆ ಆ ಪ್ರವಾಸ ನಡೆದದ್ದು 5 ವರ್ಷ ಮಾತ್ರ. 1842ರಿಂದ 1882ರಲ್ಲಿ ತೀರಿಕೊಳ್ಳುವವರೆಗೆ ಆತ ಬಾಳಿದ್ದು ಲಂಡನ್ನಿಗೆ ಸಮೀಪದ ಡೌನ್ ಎಂಬ ಹಳ್ಳಿಯ ಮನೆಯಲ್ಲಿ, ಹೆಂಡತಿ ಮಕ್ಕಳ ನಡುವೆ. ಆತನ ವಿಜ್ಞಾನದ ಬಹುಭಾಗ ಬೆಳೆದದ್ದೂ ಅಲ್ಲಿಯೇ.

1839ರಲ್ಲಿ ಆತನ ಕೈಹಿಡಿದ ಎಮ್ಮಾ ವೆಜ್‌ವುಡ್, ಆತನ ತಾಯಿಯ ತಮ್ಮನ ಮಗಳು. ನಮ್ಮ ಮಾತಿನಲ್ಲಿ ಸೋದರಮಾವನ ಮಗಳು! ನಮ್ಮ ಅನೇಕ ಮನೆತನಗಳಲ್ಲಿ ಇದು ಹೇಳಿ ಮಾಡಿಸಿದ ಸಂಬಂಧ. ಇಂಗ್ಲೆಂಡಿನ ಅನುಕೂಲಸ್ಥ ಮನೆಗಳಲ್ಲೂ ಆಗ ಇದೇನೂ ಅಪರೂಪವಾಗಿರಲಿಲ್ಲ.

ಆ ದಂಪತಿಗಳಿಗೆ 10 ಮಕ್ಕಳು. ಚೊಚ್ಚಲ ಮಗ ವಿಲಿಯಂ ಹುಟ್ಟಿದಾಗ ತಂದೆ ಒಂದು ಪುಸ್ತಕ ತೆರೆದು, ಕೂಸು ಯಾವಾಗ ನಕ್ಕಿತು, ಯಾವುದಕ್ಕೆ ಹೆದರಿತು, ಹೇಗೆ ಸಿಟ್ಟಾಯಿತು ಎಂದು ಬರೆದಿಟ್ಟ. ಮನುಷ್ಯ ಮತ್ತು ಪ್ರಾಣಿಗಳ ಭಾವಪ್ರಕಟಣೆಯನ್ನು ಕುರಿತು 1872ರಲ್ಲಿ ಬಂದ ಗ್ರಂಥಕ್ಕೆ ಈ ತೊಟ್ಟಿಲ ಬದಿಯ ಟಿಪ್ಪಣಿಗಳೂ ಒದಗಿದವು. ಮಕ್ಕಳು ದೊಡ್ಡವರಾದಾಗ ತೋಟದಲ್ಲಿ ಅಲ್ಲಲ್ಲಿ ನಿಂತು ದುಂಬಿಗಳ ಹಾದಿ ಕಾದು ತಂದೆಗೆ ನೆರವಾದರು. ಎರೆಹುಳುಗಳಿಗೆ ಕಿವಿ ಕೇಳುವುದೇ ಎಂದು ಪರೀಕ್ಷಿಸಲು ಎಮ್ಮಾ ಪಿಯಾನೋ ನುಡಿಸಿದಳು.

ಆದರೆ ಆ ತುಂಬಿದ ಮನೆಯಲ್ಲಿ ಸಾವು ಮೂರು ಸಲ ಹೊಕ್ಕಿತು. ಒಂದು ಹೆಣ್ಣು ಕೂಸು ಹುಟ್ಟಿದ ಕೆಲವೇ ವಾರಗಳಲ್ಲಿ ಹೋಯಿತು. 1851ರಲ್ಲಿ ಮುದ್ದಿನ ಮಗಳು ಆ್ಯನಿ 10ನೆಯ ವಯಸ್ಸಿನಲ್ಲಿ ತಂದೆಯ ಕಣ್ಣೆದುರಿನಲ್ಲೇ ಕಣ್ಣು ಮುಚ್ಚಿದಳು. ತುಂಬು ಗರ್ಭಿಣಿಯಾಗಿದ್ದ ತಾಯಿ ದೂರದ ಮನೆಯಲ್ಲಿದ್ದಳು. 1858ರ ಜುಲೈ 1ರಂದು ಡಾರ್ವಿನ್ ಮತ್ತು ವಾಲೇಸರ ಪ್ರಬಂಧಗಳನ್ನು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಓದಿದಾಗ ಡಾರ್ವಿನ್ ಸಭೆಯಲ್ಲಿರಲಿಲ್ಲ. ಆತನ ಒಂದೂವರೆ ವರ್ಷದ ಮಗನನ್ನು ಅಂದೇ ಮಣ್ಣು ಮಾಡಲಾಯಿತು.

ಉಳಿದ ಮಕ್ಕಳಿಗೂ ಆಗಾಗ ಕಾಯಿಲೆ. ರಕ್ತಸಂಬಂಧದ ಮದುವೆಯೇ ಇದಕ್ಕೆ ಕಾರಣವಿರಬಹುದೇ ಎಂಬ ಹುಳು ತಂದೆಯ ಮನಸ್ಸನ್ನು ಕೊರೆಯಿತು. ಉತ್ತರವನ್ನು ಆತ ಹೂಗಿಡಗಳಲ್ಲಿ ಹುಡುಕಿದ. ಹೂಗಳಿಗೆ ಬಲೆ ಕಟ್ಟಿ ದುಂಬಿಗಳನ್ನು ತಡೆದು, ಕೆಲವಕ್ಕೆ ಅವುಗಳದೇ ಪರಾಗವನ್ನೂ ಕೆಲವಕ್ಕೆ ಬೇರೆ ಗಿಡದ ಪರಾಗವನ್ನೂ ಹಚ್ಚಿದ. ಎರಡು ಬಗೆಯ ಬೀಜಗಳಿಂದ ಬಂದ ಸಸಿಗಳನ್ನು ಒಂದೇ ಕುಂಡದ ಎರಡು ಬದಿಯಲ್ಲಿ ಬೆಳೆಸಿ ಎತ್ತರ ಅಳೆದ. 11 ವರ್ಷ, 57 ಜಾತಿಯ ಗಿಡಗಳು! ಮಾರ್ನಿಂಗ್ ಗ್ಲೋರಿ ಬಳ್ಳಿಯನ್ನಂತೂ 10 ತಲೆಮಾರು ಬೆಳೆಸಿದ. ಪರಪರಾಗದ ಬಳ್ಳಿ 100 ಅಂಗುಲವಾದರೆ ಸ್ವಪರಾಗದ್ದು ಸರಾಸರಿ 77 ಅಂಗುಲ ಎಂದು ಕಂಡಿತು. 1876ರಲ್ಲಿ ಇದೆಲ್ಲ ಪುಸ್ತಕವಾಯಿತು.

ಗಿಡಕ್ಕೆ ನಿಜವಾದದ್ದು ಮನುಷ್ಯನಿಗೂ ನಿಜವೇ? 1871ರ ಜನಗಣತಿಯಲ್ಲಿ ಸೋದರಸಂಬಂಧದ ಮದುವೆಗಳನ್ನು ಕುರಿತು ಒಂದು ಪ್ರಶ್ನೆ ಸೇರಿಸಬೇಕೆಂದು ಡಾರ್ವಿನ್ ಪ್ರಯತ್ನಿಸಿದ, ಪಾರ್ಲಿಮೆಂಟು ಒಪ್ಪಲಿಲ್ಲ. ಆಗ ಮಗ ಜಾರ್ಜ್ ತಾನೇ ಅಂಕಿಅಂಶ ಕಲೆಹಾಕಿ, ತೊಂದರೆ ಇದ್ದರೂ ಅಲ್ಪವೆಂದು 1875ರಲ್ಲಿ ತೋರಿಸಿದ. ಒಂದೇ ಅಜ್ಜ ಅಜ್ಜಿಯಿಂದ ಬಂದ ಅಡಗಿದ ದೋಷ ತಂದೆ ತಾಯಿ ಇಬ್ಬರಿಂದಲೂ ಮಗುವಿಗೆ ಬಂದು ಕೂಡುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚು ಎಂಬುದು ಇಂದು ತಿಳಿದಿದೆ.

ಬದುಕುಳಿದ 7 ಮಕ್ಕಳಲ್ಲಿ ಮೂವರು ರಾಯಲ್ ಸೊಸೈಟಿಯ ಫೆಲೋಗಳಾದರು. ಆದರೂ ತಂದೆಯ ಅಳುಕು ಸುಳ್ಳಾಗಿರಲಿಲ್ಲ. ಸಂಬಂಧದೊಳಗಿನ ಮದುವೆಯ ಮಾತು ಬಂದಾಗ ನಮ್ಮ ಮನೆಗಳಲ್ಲಿ ಹಿರಿಯರು ಒಂದು ಹೇಳುತ್ತಾರೆ, ಡಾಕ್ಟರು ಇನ್ನೊಂದು ಹೇಳುತ್ತಾರೆ. ಆ ಪ್ರಶ್ನೆಯನ್ನು ಮನೆಯ ಗುಟ್ಟೆಂದು ಮುಚ್ಚಿಡದೆ, ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬ ಹೂಕುಂಡಗಳ ಮುಂದೆ ಅಳತೆಗೋಲು ಹಿಡಿದು ಕುಳಿತನೆಂಬುದನ್ನು ನಾವು ನೆನೆಯಬೇಕು.