ಪ್ಯಾರಿಸ್ ನಗರದ ಸಾಯಂವಿಹಾರ: ಒಂದು ಪೂರ್ವಕಥೆ

ಪ್ಯಾರಿಸ್ ನಗರಕ್ಕೆ ಹೋದ ಪ್ರವಾಸಿಗರಲ್ಲಿ ಬಹುಮಂದಿ ಅಲ್ಲಿಯ ಒಂದು ಸಂಜೆಯನ್ನು ಹೀಗೆ ಕಳೆಯುವುದು ಈಗ ರೂಢಿಯಾಗಿದೆ: ಹೊತ್ತು ಇಳಿಯುತ್ತಿರುವಂತೆ ಅಗಲವಾದ ಗಾಜಿನ ಕಿಟಕಿಗಳ ಬಸ್ಸನ್ನೇರಿ, ಒಪೆರಾ ಭವನ, ಕೋಂಕಾರ್ಡ್ ಚೌಕ, ವಿಜಯತೋರಣ ಇವುಗಳಲ್ಲಿ ಒಂದೊಂದಾಗಿ ದೀಪ ಹತ್ತುವುದನ್ನು ನೋಡಿಕೊಂಡು, ಬಳಿಕ ಆಲ್ಮಾ ಸೇತುವೆಯ ಮಗ್ಗುಲಲ್ಲೋ ಐಫೆಲ್ ಗೋಪುರದ ಬುಡದಲ್ಲೋ ಇರುವ ಕಟ್ಟೆಯಿಂದ ಗಾಜಿನ ಮಾಡಿನ ನೌಕೆಯನ್ನು ಹತ್ತಿ, ಸೇನ್ ನದಿಯ ಮೇಲೆ ಊಟಮಾಡುತ್ತ ನಗರದ ದ್ವೀಪಗಳನ್ನು ಸುತ್ತಿ ಬರುವುದು. ದಡದ ಅರಮನೆಗಳೂ ಮಂದಿರಗಳೂ ಅಷ್ಟು ಪುರಾತನವಾಗಿರುವುದರಿಂದ ಈ ವಿಹಾರವೂ ಅಷ್ಟೇ ಪುರಾತನವಾದ ರಾಜಭೋಗವೆಂದು ನೋಡುವವರಿಗೆ ತೋರುವುದು ಸಹಜ. ಆದರೆ ಇದು ಇಂದಿನ ರೂಪವನ್ನು ತಾಳಿ ನೂರು ವರ್ಷ ತುಂಬಿಲ್ಲ. ಇದು ಸಾಧ್ಯವಾಗಬೇಕಾದರೆ ನದಿಯ ನೋಟಕ್ಕೆ ಅಡ್ಡವಿದ್ದ ಮನೆಗಳು ತೊಲಗಬೇಕಾಗಿದ್ದಿತು, ನೀರು ಪಳಗಬೇಕಾಗಿದ್ದಿತು, ಇರುಳು ಬೆಳಗಬೇಕಾಗಿದ್ದಿತು. ಆ ಮೂರು ಕಾರ್ಯಗಳಿಗೂ ಕೈಹಾಕಿದವರ ಮನಸ್ಸಿನಲ್ಲಿ ಊಟದ ನೌಕೆಯ ಕಲ್ಪನೆಯೇ ಇರಲಿಲ್ಲ.

ಸೇನ್ ನದಿಯನ್ನು ಆ ಊರಿನ ಜನ ಮೊದಲು ಅರಿತದ್ದು ದುಡಿಮೆಯ ದಾರಿಯೆಂದು. ರೋಮನ್ ಚಕ್ರವರ್ತಿ ಟೈಬೀರಿಯಸ್ಸನ ಆಳಿಕೆಯಲ್ಲಿ, ಎಂದರೆ ಕ್ರಿಸ್ತಶಕದ ಮೊದಲ ಶತಮಾನದ ಪೂರ್ವಾರ್ಧದಲ್ಲಿ, ಅಲ್ಲಿಯ ನಾವಿಕರ ಸಂಘವು ಜೂಪಿಟರ್ ದೇವನಿಗೆ ಅರ್ಪಿಸಿ ಒಂದು ಶಿಲಾಸ್ತಂಭವನ್ನು ನಿಲ್ಲಿಸಿತು. ಅದರ ಕಲ್ಲುಗಳು ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ನೋತ್ರ್ ದಾಮ್ ಮಂದಿರದ ಒಳನೆಲವನ್ನು ಅಗೆಯುತ್ತಿದ್ದಾಗ ದೊರೆತವು. ರೋಮನ್ನರ ದೇವತೆಗಳ ಪಕ್ಕದಲ್ಲಿಯೇ, ಕೊಂಬುಗಳುಳ್ಳ ಗಾಲ್ ಜನಗಳ ದೇವನನ್ನೂ ಕಡೆದಿರುವ ಆ ಕಲ್ಲುಗಳನ್ನು ಈಗ ಕ್ಲೂನಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಮಧ್ಯಯುಗದಲ್ಲಿ ನದೀವ್ಯಾಪಾರದ ಹಕ್ಕನ್ನು ರಾಜರಿಂದ ಪಡೆದ ಜಲವರ್ತಕರ ಶ್ರೇಣಿಯು ಎಷ್ಟು ಪ್ರಬಲವಾಯಿತೆಂದರೆ, ಅವರ ಮುದ್ರೆಯಲ್ಲಿದ್ದ ದೋಣಿಯೇ ನಗರದ ಲಾಂಛನವಾಯಿತು. ವರ್ತಕರ ಮುಖ್ಯಸ್ಥನೇ ಪೌರಾಡಳಿತದ ಮುಖ್ಯಸ್ಥನಾದನು. ಧಾನ್ಯ, ದ್ರಾಕ್ಷಾರಸ, ಉಪ್ಪು, ಹುಲ್ಲು, ಕಲ್ಲು ಎಲ್ಲವೂ ನದಿಯ ಮೇಲೆಯೇ ಬಂದವು.

ಇವುಗಳಲ್ಲಿ ಸೌದೆಯ ಕಥೆ ವಿಶೇಷವಾಗಿ ಸ್ಮರಣೀಯವಾದುದು. ಹದಿನಾರನೆಯ ಶತಮಾನದಿಂದ ಮೊದಲ್ಗೊಂಡು ಹತ್ತೊಂಬತ್ತನೆಯ ಶತಮಾನದವರೆಗೆ ಪ್ಯಾರಿಸ್ಸಿನ ಒಲೆಗಳೂ ಅಗ್ಗಿಷ್ಟಿಕೆಗಳೂ ಉರಿದದ್ದು ಬಹುಮಟ್ಟಿಗೆ ಆಗ್ನೇಯದ ಮೋರ್ವಾಂ ಬೆಟ್ಟಗಳ ಕಾಡಿನ ಸೌದೆಯಿಂದ. ಕಡಿದ ತುಂಡುಗಳ ತುದಿಗೆ ಒಡೆಯನ ಗುರುತನ್ನು ಸುತ್ತಿಗೆಯಿಂದ ಒತ್ತಿ, ಅವನ್ನು ಬೆಟ್ಟದ ಹಳ್ಳಗಳಲ್ಲಿ ಬಿಡುವರು. ಅವು ತೇಲಿಕೊಂಡು ಸೇನ್ ನದಿಯ ಉಪನದಿಯಾದ ಯೋನ್ ನದಿಗೆ ಬಂದಾಗ ಕ್ಲಾಮ್ಸಿ ಎಂಬ ಊರಿನ ಬಳಿ ನೀರಿನಿಂದೆತ್ತಿ, ಗುರುತು ನೋಡಿ ವಿಂಗಡಿಸಿ, ಬಳ್ಳಿಕಡ್ಡಿಗಳಿಂದ ಬಿಗಿದು ಉದ್ದನೆಯ ತೆಪ್ಪಗಳನ್ನು ಕಟ್ಟುವರು. ಆ ತೆಪ್ಪವನ್ನು ಕೋಲು ಹಿಡಿದು ನಡೆಸಿ ತಂದವನು ಪ್ಯಾರಿಸ್ಸಿನಲ್ಲಿ ಅದನ್ನು ಬಿಚ್ಚಿ ಒಪ್ಪಿಸಿದ ಮೇಲೆ ಕಾಲ್ನಡಿಗೆಯಲ್ಲಿ ಊರಿಗೆ ಹಿಂದಿರುಗಬೇಕಾಗಿತ್ತು. ದಡದ ಉದ್ದಕ್ಕೂ ಕಟ್ಟಿದ್ದ ಅಗಸಗಿತ್ತಿಯರ ದೋಣಿಗಳದು ಇನ್ನೊಂದು ಲೋಕ: ಜಾಗಕ್ಕೆ ಬಾಡಿಗೆ ತೆತ್ತು, ಸಾಲಾಗಿ ಬಾಗಿ ನಿಂತು ನೂರಾರು ಹೆಂಗಸರು ನಗರದ ಬಟ್ಟೆಯನ್ನು ಬಡಿದು ಒಗೆದು, ಮೇಲಂತಸ್ತಿನಲ್ಲಿ ಒಣಹಾಕುತ್ತಿದ್ದರು.

ಇಂಥ ನದಿಯನ್ನು ನೋಡಿ ನಲಿಯಬೇಕೆಂದರೂ ನೋಟಕ್ಕೆ ಎಡೆಯಿರಲಿಲ್ಲ. ಹಳೆಯ ಸೇತುವೆಗಳ ಎರಡು ಬದಿಗಳಲ್ಲಿಯೂ ಮೂರು ನಾಲ್ಕು ಅಂತಸ್ತಿನ ಮನೆಗಳೂ ಅಂಗಡಿಗಳೂ ಒತ್ತಾಗಿ ನಿಂತಿದ್ದು, ಅವುಗಳ ನಡುವೆ ನಡೆಯುವವನಿಗೆ ಕೆಳಗೆ ನೀರು ಹರಿಯುತ್ತಿದೆಯೆಂಬುದೇ ತಿಳಿಯುತ್ತಿರಲಿಲ್ಲ. ನಾಲ್ಕನೆಯ ಹೆನ್ರಿ ದೊರೆಯು 1607ರಲ್ಲಿ ಪೂರ್ತಿಗೊಳಿಸಿದ ಪೋಂ ನಫ್ ಸೇತುವೆಯು ಮನೆಗಳನ್ನು ಹೊರದೆ, ನಡೆಯುವವರಿಗೆಂದೇ ಎತ್ತರಿಸಿದ ಕಾಲುದಾರಿಯನ್ನು ಇಟ್ಟುಕೊಂಡುದರಿಂದ, ಪೌರನು ನಿಂತು ತನ್ನ ನಗರವನ್ನು ನದಿಯ ಮಧ್ಯದಿಂದ ನೋಡುವುದು ಮೊದಲ ಬಾರಿಗೆ ಸಾಧ್ಯವಾಯಿತು. ನನ್ನ ಮಟ್ಟಿಗೆ ನಗರವೀಕ್ಷಣೆಯ ನಿಜವಾದ ಆರಂಭ ಅದೇ. ಉಳಿದ ಸೇತುವೆಗಳ ಮನೆಗಳು ಇನ್ನೂ ನೂರೆಂಬತ್ತು ವರ್ಷ ಉಳಿದವು. 1786ರಿಂದ ಅವನ್ನು ಕೆಡವಲು ತೊಡಗಿದಾಗ, ಇಟ್ಟಿಗೆಯ ರಾಶಿಗಳ ನಡುವೆ ಆಕಾಶವು ತೆರೆದುಕೊಂಡ ಆ ದೃಶ್ಯವನ್ನು ಹ್ಯೂಬರ್ಟ್ ರಾಬರ್ಟ್ ಎಂಬ ಚಿತ್ರಕಾರನು ಬರೆದಿಟ್ಟಿದ್ದಾನೆ.

ಕನ್ನಡ ನಾಡಿನಿಂದ ಹೋದ ರಾಯಭಾರಿಗಳು ಪ್ಯಾರಿಸ್ಸನ್ನು ಕಂಡದ್ದು ಇದೇ ಕಾಲದಲ್ಲಿ. ಇಂಗ್ಲಿಷರ ವಿರುದ್ಧ ಫ್ರೆಂಚರ ಸಹಾಯವನ್ನು ಬಯಸಿ ಟಿಪ್ಪು ಸುಲ್ತಾನನು ಕಳುಹಿಸಿದ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1788ರ ಜುಲೈಯಲ್ಲಿ ನಗರವನ್ನು ಸೇರಿ, ಆಗಸ್ಟ್ 10ರಂದು ವೆರ್ಸಾಯ್ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಕಂಡರು. ಅವರು ನಗರವನ್ನು ನೋಡಿದುದಕ್ಕಿಂತ ನಗರವು ಅವರನ್ನು ನೋಡಿದುದೇ ಹೆಚ್ಚು: ಹೋದಲ್ಲೆಲ್ಲ ಜನ ಮುತ್ತಿದರು. ಅವರನ್ನು ಒಪೆರಾದಲ್ಲಿ ಕಂಡು ಬೆರಗಾದ ಚಿತ್ರಕಾರ್ತಿ ವಿಜೆ ಲ ಬ್ರನ್, ದೊರೆಯ ಮೂಲಕ ಒಪ್ಪಿಗೆ ಪಡೆದು ಅವರ ಚಿತ್ರಗಳನ್ನು ಬರೆದಳು. ಅವರು ತನ್ನನ್ನು ಊಟಕ್ಕೆ ಕರೆದಾಗ ನೆಲದ ಮೇಲೆ ಕುಳಿತು ಉಣ್ಣಬೇಕಾಗಿದ್ದುದನ್ನೂ, ಮಸಾಲೆ ಹಾಕಿ ಮಾಡಿದ ಕುರಿಕಾಲಿನ ಪಲ್ಯವನ್ನು ಅವರು ಕೈಯಿಂದಲೇ ತೆಗೆದು ಬಡಿಸಿದುದನ್ನೂ ತನ್ನ ನೆನಪುಗಳಲ್ಲಿ ದಾಖಲಿಸಿದ್ದಾಳೆ. ಸೈನ್ಯದ ನೆರವು ಮಾತ್ರ ದೊರೆಯಲಿಲ್ಲ. ಮರುವರ್ಷವೇ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಹೊತ್ತಿತು.

ನೀರನ್ನು ಪಳಗಿಸಿದ ಕಥೆಯನ್ನು ಹೇಳುವವರು ವಿರಳ. ಅದೇ ಈ ಇತಿಹಾಸದ ತಿರುಳೆಂದು ನಾನು ಭಾವಿಸುತ್ತೇನೆ. ಅಮೆರಿಕದ ರಾಬರ್ಟ್ ಫುಲ್ಟನ್ ತನ್ನ ಉಗಿದೋಣಿಯನ್ನು 1803ರ ಆಗಸ್ಟಿನಲ್ಲಿ ಸೇನ್ ನದಿಯ ಮೇಲೆಯೇ ಓಡಿಸಿ ತೋರಿಸಿದ್ದರೂ, ಬೇಸಗೆಯಲ್ಲಿ ಮರಳುದಿಬ್ಬಗಳು ಏಳುವ, ಚಳಿಗಾಲದಲ್ಲಿ ನೆರೆಯುಕ್ಕುವ ನದಿಯಲ್ಲಿ ನಿಯತವಾದ ಸಂಚಾರ ನಡೆಯುವಂತಿರಲಿಲ್ಲ. ಚಾರ್ಲ್ಸ್ ಪ್ವಾರೆ ಎಂಬ ಎಂಜಿನಿಯರನು 1834ರಲ್ಲಿ, ತೆಪ್ಪಗಾರರ ಕ್ಲಾಮ್ಸಿಗೆ ಸಮೀಪದಲ್ಲಿ, ಯೋನ್ ನದಿಗೆ ಹೊಸ ಬಗೆಯ ಒಡ್ಡನ್ನು ಕಟ್ಟಿದನು. ನದಿಯ ತಳದಲ್ಲಿ ಮಡಿಸಿಡಬಹುದಾದ ಕಬ್ಬಿಣದ ಚೌಕಟ್ಟುಗಳನ್ನು ಸಾಲಾಗಿ ಎತ್ತಿ ನಿಲ್ಲಿಸಿ, ಅವುಗಳಿಗೆ ಒರಗುವಂತೆ ಮರದ ನೀಳವಾದ ಪಟ್ಟಿಗಳನ್ನು ಒತ್ತೊತ್ತಾಗಿ ನೀರಿಗಿಳಿಸಿದರೆ ಹರಿವು ತಡೆದು ಮಟ್ಟ ಏರುತ್ತದೆ. ಪ್ರವಾಹ ಬಂದಾಗ ಒಡ್ಡಿನವನು ಇಕ್ಕಟ್ಟಾದ ಹಲಗೆಯ ಮೇಲೆ ನಿಂತು, ಆ ಪಟ್ಟಿಗಳನ್ನು ಒಂದೊಂದಾಗಿ ಕೈಯಿಂದ ಕಿತ್ತು, ಚೌಕಟ್ಟುಗಳನ್ನು ತಳಕ್ಕೆ ಮಲಗಿಸಿ, ನದಿಗೆ ದಾರಿ ಬಿಡುತ್ತಿದ್ದನು. ಇರುಳಿನಲ್ಲಿ, ಮಳೆಯಲ್ಲಿ, ಕಾಲಡಿಯಲ್ಲಿ ನೀರು ಭೋರ್ಗರೆಯುತ್ತಿರುವಾಗ ಮಾಡಬೇಕಾಗಿದ್ದ ಕೆಲಸವದು. ಈ ಬಗೆಯ ಒಡ್ಡುಗಳು ಸೇನ್ ಮತ್ತು ಅದರ ಉಪನದಿಗಳ ಉದ್ದಕ್ಕೂ ಬಂದವು. ನಗರದ ಕೆಳಗಡೆ ಸ್ಯುರೇನ್ ಎಂಬಲ್ಲಿ 1860ರ ದಶಕದಲ್ಲಿ ಕಟ್ಟಿ, 1880ರ ದಶಕದಲ್ಲಿ ಮತ್ತೆ ಎತ್ತರಿಸಿದ ಒಡ್ಡಿನಿಂದ ಪ್ಯಾರಿಸ್ಸಿನೊಳಗಣ ನದಿಯು ವರ್ಷದ ಬಹುಭಾಗ ಒಂದೇ ಮಟ್ಟದಲ್ಲಿ ನಿಲ್ಲುವಂತಾಯಿತು. ಇಂದು ನೌಕೆಯ ಮೇಜಿನ ಮೇಲೆ ತುಂಬಿಟ್ಟ ಲೋಟ ತುಳುಕದಿರುವುದಕ್ಕೆ ಕಾರಣ ನದಿಯ ದಾರಿಯಲ್ಲಿ ಹತ್ತು ಕಿಲೋಮೀಟರಿಗೂ ದೂರದ ಆ ಸ್ಥಳದಲ್ಲಿರುವ ಒಡ್ಡು.

1867ರ ವಿಶ್ವಪ್ರದರ್ಶನಕ್ಕಾಗಿ ಜನರನ್ನು ಸಾಗಿಸಲು ನದಿಯಲ್ಲಿ ಉಗಿದೋಣಿಗಳ ಸೇವೆ ಏರ್ಪಟ್ಟಿತು. ಲಿಯೋನ್ ನಗರದ ಲಾ ಮೂಷ್ ಎಂಬ ಪೇಟೆಯ ಕಾರ್ಖಾನೆಗಳಲ್ಲಿ ಕಟ್ಟಿದ ಆ ದೋಣಿಗಳು ನದಿಕಾಲುವೆಗಳ ಮೂಲಕ ಪ್ಯಾರಿಸ್ಸನ್ನು ಸೇರಿ, ತಮ್ಮ ತವರಿನ ಹೆಸರಿನಿಂದ ಬಾತೋ ಮೂಷ್ ಎನಿಸಿಕೊಂಡವು. ಇವು ವಿಲಾಸದ ನೌಕೆಗಳಾಗಿರಲಿಲ್ಲ. ಗುಮಾಸ್ತರೂ ಹೊಲಿಗೆಯ ಹೆಂಗಸರೂ ಕೆಲಸಕ್ಕೆ ಹೋಗಿಬರುತ್ತಿದ್ದ, ನೀರಿನ ಮೇಲಣ ಬಸ್ಸುಗಳು. ಅದೇ 1867ರಲ್ಲಿ ಪ್ಯಾರಿಸ್ಸಿನ ಹೊಸ ಒಳಚರಂಡಿಗಳನ್ನೂ ಸಂದರ್ಶಕರಿಗೆ ತೆರೆದರೆಂಬುದನ್ನು ಇಲ್ಲಿ ನೆನೆಯಬೇಕು: ಸ್ವಚ್ಛವಾದ ಉಡುಪು ತೊಟ್ಟ ಗಣ್ಯರೂ ಮಹಿಳೆಯರೂ ನೆಲದಡಿಯ ಕಾಲುವೆಗಳಲ್ಲಿ ದೋಣಿಯೇರಿ ದೀಪದ ಬೆಳಕಿನಲ್ಲಿ ವಿಹರಿಸಿದರು. ಆ ಕಾಲದ ಜನಕ್ಕೆ ನಗರವೆಂದರೆ ಅದರ ಯಂತ್ರಾಂಗವೂ ನೋಡತಕ್ಕ ವಸ್ತುವಾಗಿದ್ದಿತು. ಆ ಕುತೂಹಲ ಇಂದಿನ ಪ್ರವಾಸಿಗರಲ್ಲಿ ಕುಂದಿರುವುದು ವ್ಯಸನಕರ.

ಇನ್ನು ಇರುಳಿನ ವಿಚಾರ. 1667ರಲ್ಲಿ ನಗರದ ಪೊಲೀಸು ಅಧಿಕಾರವನ್ನು ವಹಿಸಿಕೊಂಡ ಲಾ ರೇನಿ ಎಂಬವನು ಬೀದಿಗಳ ನಡುವೆ ಹಗ್ಗದಿಂದ ತೂಗುವ ಗಾಜಿನ ಪೆಟ್ಟಿಗೆಗಳಲ್ಲಿ ಕೊಬ್ಬಿನ ಮೇಣದ ಬತ್ತಿಗಳನ್ನು ಹಚ್ಚಿಸಿದನು; ಅವು ಉರಿಯುತ್ತಿದ್ದುದು ಚಳಿಗಾಲದ ತಿಂಗಳುಗಳಲ್ಲಿ, ಕಳ್ಳರ ಭಯವನ್ನು ತಗ್ಗಿಸುವ ಸಲುವಾಗಿ. ತರುವಾಯ ಎಣ್ಣೆಯ ದೀಪ ಬಂತು. 1829ರಲ್ಲಿ ರೂ ದ ಲಾ ಪೇ ಬೀದಿಯಲ್ಲಿ ಅನಿಲದೀಪ ಹತ್ತಿತು. 1878ರ ಪ್ರದರ್ಶನದ ವೇಳೆಗೆ ಒಪೆರಾ ಬೀದಿಯಲ್ಲಿ, ರಷ್ಯದ ಯಾಬ್ಲೋಚ್ಕೋವ್ ಕಂಡುಹಿಡಿದ ವಿದ್ಯುದ್ದೀಪಗಳು ಬೆಳಗಿದವು. ಒಂದರ ಪಕ್ಕದಲ್ಲೊಂದು ನಿಂತ ಎರಡು ಇದ್ದಿಲು ಕಡ್ಡಿಗಳ ತುದಿಯಲ್ಲಿ ಜ್ವಲಿಸುವ ಆ ಬೆಳಕನ್ನು ಕಂಡವರಿಗೆ ಪಕ್ಕದ ಬೀದಿಗಳ ಅನಿಲದೀಪ ಹಳದಿಯಾಗಿ, ಮಂಕಾಗಿ ತೋರಿತು. ಐಫೆಲ್ ಗೋಪುರವೂ 1889ರಲ್ಲಿ ತನ್ನ ಮೈಯನ್ನು ಬೆಳಗಿಸಿಕೊಂಡದ್ದು ಅನಿಲದೀಪಗಳಿಂದಲೇ. ಶಿಖರದ ದೀಪವಾದರೋ ವಿದ್ಯುತ್ತಿನದು.

ಆದರೆ ದಾರಿಯನ್ನು ಕಾಣಿಸುವ ದೀಪ ಬೇರೆ, ಕಟ್ಟಡವನ್ನೇ ಕಾಣಿಸುವ ದೀಪ ಬೇರೆ. ಎರಡನೆಯದನ್ನು ಕಲೆಯ ಮಟ್ಟಕ್ಕೆ ಏರಿಸಿದವನು ಫರ್ನಾಂಡೊ ಯಾಕೊಪೊಟ್ಸಿ ಎಂಬ ಇಟಲಿಯವನು. ಮೊದಲನೆಯ ಮಹಾಯುದ್ಧದ ಕಡೆಯಲ್ಲಿ, ಜರ್ಮನರ ವಿಮಾನಗಳನ್ನು ದಾರಿತಪ್ಪಿಸಲು ನಗರದ ಹೊರಗೆ ದೀಪಗಳಿಂದಲೇ ಒಂದು ಹುಸಿ ಪ್ಯಾರಿಸ್ಸನ್ನು ನಿರ್ಮಿಸುವ ಗುಪ್ತಕಾರ್ಯದಲ್ಲಿ ಅವನು ತೊಡಗಿದ್ದನು. ಶಾಂತಿ ಬಂದ ಮೇಲೆ ಆ ವಿದ್ಯೆಯನ್ನೇ ನಿಜವಾದ ಪ್ಯಾರಿಸ್ಸಿಗೆ ತಿರುಗಿಸಿ, 1925ರಲ್ಲಿ ಐಫೆಲ್ ಗೋಪುರದ ಮೇಲೆ ಸಿಟ್ರೊಯೆನ್ ಮೋಟಾರು ಸಂಸ್ಥೆಯ ಹೆಸರನ್ನು ದೀಪಾಕ್ಷರಗಳಲ್ಲಿ ಬರೆದನು. ನೋತ್ರ್ ದಾಮ್, ಕೋಂಕಾರ್ಡ್ ಮೊದಲಾದುವನ್ನೂ ಬೆಳಗಿಸಿದನು. ಬಾಂಬಿನಿಂದ ನಗರವನ್ನು ಉಳಿಸಲು ಕಲಿತ ಕೈಯಿಂದಲೇ ನಗರಕ್ಕೆ ಇರುಳಿನ ಅಲಂಕಾರ ಬಂದುದು ಅದ್ಭುತವೇ ಸರಿ.

ನದಿಗೂ ಊಟಕ್ಕೂ ನಂಟು ಬೆಳೆದದ್ದು ನಗರದ ಹೊರಗೆ. 1837ರಲ್ಲಿ ರೈಲು ಬಂದ ಮೇಲೆ ಪ್ಯಾರಿಸ್ಸಿನ ಯುವಕಯುವತಿಯರು ಭಾನುವಾರಗಳಲ್ಲಿ ಪಶ್ಚಿಮದ ಶಾತು, ಕ್ರ್ವಾಸಿ ಕಡೆಗೆ ಹೋಗಿ, ದೋಣಿ ಹುಟ್ಟುಹಾಕಿ, ದಡದ ಭೋಜನಗೃಹಗಳಲ್ಲಿ ಉಂಡು ಕುಣಿಯುತ್ತಿದ್ದರು. ಚಿತ್ರಕಾರ ರನ್ವಾರನು 1880–81ರಲ್ಲಿ ಬರೆದ ದೋಣಿಗಾರರ ಭೋಜನದ ಚಿತ್ರ ಶಾತುವಿನ ಫೂರ್ನೇಸ್ ಎಂಬ ಭೋಜನಗೃಹದ ಮೊಗಸಾಲೆಯದು: ಬನಿಯನ್ನು ತೊಟ್ಟ ಹುಟ್ಟುಗಾರ, ಹುಲ್ಲಿನ ಟೋಪಿ, ಅರ್ಧ ಮುಗಿದ ಸೀಸೆಗಳು, ಹಣ್ಣು, ಹಿಂದೆ ನೀರು. ನೌಕೆಯಲ್ಲಿ ಇಂದು ನಡೆಯುವ ಊಟ ಅದಕ್ಕಿಂತ ಶಿಸ್ತಿನದು, ನಾಜೂಕಿನದು. ಆ ಉಲ್ಲಾಸ ಅದರಲ್ಲಿಲ್ಲ.

1900ರಲ್ಲಿ ನೆಲದಡಿಯ ಮೆಟ್ರೊ ಓಡತೊಡಗಿತು; ನದಿಯ ಬಸ್ಸುದೋಣಿಗಳು ಮೆಲ್ಲಮೆಲ್ಲನೆ ಸೊರಗಿ 1930ರ ದಶಕದಲ್ಲಿ ನಿಂತುಹೋದವು. ಎರಡನೆಯ ಯುದ್ಧದ ಕತ್ತಲೆ ಕಳೆದ ಮೇಲೆ, 1949ರಲ್ಲಿ ಜಾನ್ ಬ್ರುಯೆಲ್ ಎಂಬವನು ಬಾತೋ ಮೂಷ್ ಎಂಬ ಹಳೆಯ ಹೆಸರನ್ನೇ ತನ್ನ ಸಂಸ್ಥೆಗೆ ಇಟ್ಟು, ಸಾರಿಗೆಗಾಗಿ ಅಲ್ಲ, ನೋಟಕ್ಕಾಗಿಯೇ ನೌಕೆಗಳನ್ನು ನಡೆಸಲಾರಂಭಿಸಿದನು. 1953ರ ಏಪ್ರಿಲ್ 1ರಂದು ಅವನು ಆ ನೌಕೆಗಳ ಮೂಲಪುರುಷನೆಂದು ಜಾನ್ ಸೆಬಾಸ್ಟಿಯನ್ ಮೂಷ್ ಎಂಬ ಇಲ್ಲದ ವ್ಯಕ್ತಿಯನ್ನು ಸೃಷ್ಟಿಸಿ ವಿಜೃಂಭಣೆಯಿಂದ ಉತ್ಸವ ನಡೆಸಿದಾಗ ದೊಡ್ಡವರೂ ನಂಬಿದರು. ನೌಕೆಗಳ ಪಕ್ಕಗಳಿಗೆ ಪ್ರಖರವಾದ ದೀಪಗಳನ್ನು ಜೋಡಿಸಿ, ಸಾಗಿದಂತೆಲ್ಲ ದಡದ ಮನೆಗಳ ಮೊಗಗಳನ್ನು ಬೆಳಗಿಸುವ ಪದ್ಧತಿಯೂ ಬಂತು. ದಡದಲ್ಲಿ ವಾಸಿಸುವವರ ಕೋಣೆಗಳ ಛಾವಣಿಯ ಮೇಲೆ ಆ ಬೆಳಕು ಇಂದಿಗೂ ಸರಿದುಹೋಗುತ್ತದೆ. 1950ರ ದಶಕದಲ್ಲಿ ಬೇರೆ ನೌಕಾಸಂಸ್ಥೆಗಳೂ ಪ್ರವಾಸಿ ಬಸ್ಸಿನ ಸಂಸ್ಥೆಗಳೂ ಹುಟ್ಟಿ, ಬಸ್ಸು, ನೌಕೆ, ಊಟ ಮೂರಕ್ಕೂ ಒಂದೇ ಚೀಟಿ ಕೊಡುವ ವಾಡಿಕೆಗೆ ದಾರಿಯಾಯಿತು. 1985ರ ಕಡೆಯ ದಿನ ಪಿಯೆರ್ ಬಿಡೋ ಎಂಬವನು ಐಫೆಲ್ ಗೋಪುರವನ್ನು ಒಳಗಿನಿಂದಲೇ ಬೆಳಗಿಸುವ ಹೊಂಬಣ್ಣದ ದೀಪಗಳನ್ನು ಹಚ್ಚಿಸಿದನು. 1991ರಲ್ಲಿ ಯುನೆಸ್ಕೊ ಸಂಸ್ಥೆಯು ಸೇನ್ ದಡಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಹೀಗಿದ್ದರೂ ನದಿಯು ಪೂರ್ಣವಾಗಿ ಪಳಗಿದೆಯೆನ್ನಲಾಗದು. 1910ರ ಜನವರಿಯ ಮಹಾಪೂರದಲ್ಲಿ ನೀರು ಆಲ್ಮಾ ಸೇತುವೆಯ ಕಂಬದ ಬಳಿ ನಿಂತ ಝುವಾವ್ ಸೈನಿಕನ ಶಿಲಾಮೂರ್ತಿಯ ಭುಜದವರೆಗೆ ಏರಿತ್ತು. ಈಗಲೂ ನದಿ ಉಕ್ಕಿದಾಗ ಆ ಮೂರ್ತಿಯ ಪಾದ ನೆನೆಯಿತೆ, ಮೊಣಕಾಲು ಮುಳುಗಿತೆ ಎಂದು ಜನ ನೋಡಹೋಗುವರು. ಆಗ ಸೇತುವೆಗಳ ಕೆಳಗೆ ಎಡೆ ಸಾಲದೆ ಊಟದ ನೌಕೆಗಳು ಕಟ್ಟೆಗೆ ಕಟ್ಟಿದಂತೆಯೇ ನಿಲ್ಲುವುವು.

ನೌಕೆಯಲ್ಲಿ ಕೇಳಿಸುವ ವಿವರಣೆಯಲ್ಲಿ ರಾಜರೂ ಶಿಲ್ಪಿಗಳೂ ಧಾರಾಳವಾಗಿ ಬರುತ್ತಾರೆ. ಸೌದೆಯ ತೆಪ್ಪ ತಂದವನು, ಒಡ್ಡಿನ ಪಟ್ಟಿ ಕಿತ್ತವನು, ಬಟ್ಟೆ ಬಡಿದವಳು ಬರುವುದು ಅಪರೂಪ. ಅವರನ್ನೂ ಹೆಸರಿಸಬೇಕೆಂದು ನಾನು ಆಗ್ರಹಪೂರ್ವಕವಾಗಿ ಹೇಳುತ್ತೇನೆ, ಏಕೆಂದರೆ ಆ ದುಡಿಮೆ ಸೇನ್ ನದಿಯಲ್ಲಿ ಇನ್ನೂ ಮುಗಿದಿಲ್ಲ. ಮರಳು, ಜಲ್ಲಿ, ಸಿಮೆಂಟು ಹೊತ್ತ ಚಪ್ಪಟೆ ದೋಣಿಗಳು ಹಗಲಲ್ಲಿ ಅದೇ ಸೇತುವೆಗಳಡಿಯಲ್ಲಿ ನುಸುಳುತ್ತವೆ. 2012ರಿಂದ ಫ್ರಾಂಪ್ರೀ ಎಂಬ ದಿನಸಿ ಅಂಗಡಿಗಳ ಸಂಸ್ಥೆಯು ತನ್ನ ಸರಕನ್ನು ಮಾರ್ನ್ ನದಿಯ ದಡದ ಬಂದರಿನಿಂದ ದೋಣಿಯ ಮೇಲೆ ತರಿಸಿ, ಐಫೆಲ್ ಗೋಪುರದ ಸಮೀಪದ ಬೂರ್ದೊನೆ ಕಟ್ಟೆಯಲ್ಲಿ ಇಳಿಸಿಕೊಂಡು, ಅಲ್ಲಿಂದ ಲಾರಿಗಳಲ್ಲಿ ನಗರದ ಅಂಗಡಿಗಳಿಗೆ ಹಂಚಲಾರಂಭಿಸಿತು. ಊಟದ ನೌಕೆಗಳಲ್ಲಿ ಹಲವು ಹೊರಡುವುದೂ ಅದೇ ಕಟ್ಟೆಯ ಸಾಲಿನಿಂದಲೇ.