ಗೋಡೆಯ ಮೇಲಿನ ಅಕ್ಷರ: ಮುಂಬಯಿಯ ಹಳೆಯ ಮನೆಗಳು ಮತ್ತು ನಗರದ ತೀರ್ಪು

ಬೀಳುವ ಸ್ಥಿತಿಗೆ ಬಂದ ಕಟ್ಟಡವನ್ನು ಕೆಡವಿಸುವ ಅಧಿಕಾರವನ್ನು ಮುಂಬಯಿ ನಗರಪಾಲಿಕೆಗೆ 1888ರ ಕಾಯಿದೆಯ 354ನೆಯ ಕಲಮು ಕೊಟ್ಟಿತ್ತು. ಆದರೆ ಗಟ್ಟಿಯಾಗಿ ನಿಂತಿರುವ ಮನೆಯೂ ವಾಸಕ್ಕೆ ತಕ್ಕುದಲ್ಲದಿರಬಹುದು ಎಂಬ ಬೇರೊಂದು ವಿಚಾರ ಜನರ ಹೊಸ್ತಿಲಿನವರೆಗೆ ಬಂದದ್ದು ಪ್ಲೇಗಿನ ಜೊತೆಯಲ್ಲಿ. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಡಾ. ವಿಯೆಗಾಸ್ ರೋಗವನ್ನು ಗುರುತಿಸಿದ ಮೇಲೆ ಅಧಿಕಾರಿಗಳು ಚಾಳುಗಳನ್ನು, ಅಂದರೆ ಒಂದೇ ಮೊಗಸಾಲೆಯುದ್ದಕ್ಕೂ ಒಂಟಿ ಖೋಲಿಗಳನ್ನು ಸಾಲಾಗಿ ಜೋಡಿಸಿದ ಬಾಡಿಗೆ ಮನೆಗಳನ್ನು, ಹೊಕ್ಕು ನೋಡಿದರು. ಬೆಳಕಿಲ್ಲದ ಖೋಲಿಗೆ ಬಿಸಿಲು ಬೀಳಲೆಂದು ಹೆಂಚು ತೆಗೆಸಿದರು. ಕೆಲವು ಮನೆಗಳ ಗೋಡೆಯ ಮೇಲೆ ‘ಯು.ಎಚ್.ಎಚ್.’ ಎಂದು ಬರೆಯಿಸಿದರು. ಮನುಷ್ಯವಾಸಕ್ಕೆ ಅಯೋಗ್ಯ ಎಂಬುದನ್ನು ಸೂಚಿಸುವ ಆ ಮೂರು ಇಂಗ್ಲಿಷ್ ಅಕ್ಷರಗಳನ್ನು ಒಳಗಿದ್ದವರಲ್ಲಿ ಬಹುಪಾಲು ಜನ ಓದಲಾರದವರಾಗಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆಂಬುದು ಇನ್ನೂ ಎಲ್ಲರೂ ಒಪ್ಪಿದ ಮಾತಾಗಿರಲಿಲ್ಲವಾದ್ದರಿಂದ ಅಪರಾಧಿಯ ಸ್ಥಾನದಲ್ಲಿ ನಿಂತದ್ದು ಮನೆಯೇ.

1898ರಲ್ಲಿ ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ಈ ತೀರ್ಮಾನಕ್ಕೆ ಒಂದು ಅಳತೆಯನ್ನು ಒದಗಿಸಲು ಪ್ರಯತ್ನಿಸಿತು. ಅದರ ಅಧ್ಯಕ್ಷರಾಗಿದ್ದ ಜೆ. ಪಿ. ಆರ್ ಬಿಡದೆ ಪ್ರತಿಪಾದಿಸಿದ ಅರುವತ್ತಮೂರೂವರೆ ಡಿಗ್ರಿಯ ನಿಯಮ ಕೇಳುವುದಕ್ಕೆ ಕಠಿಣವಾದರೂ ಲೆಕ್ಕಕ್ಕೆ ಸರಳವಾದುದು. ಕೋಣೆಯ ಹೊರಗೋಡೆಯ ಬುಡದಿಂದ ಆ ಕೋನದಲ್ಲಿ ಮೇಲಕ್ಕೆಳೆದ ಗೆರೆ ಎದುರಿನ ಕಟ್ಟಡಕ್ಕೆ ತಾಗದೆ ಆಕಾಶವನ್ನು ಮುಟ್ಟಬೇಕು. ಎಂದರೆ ನಡುವೆ 10 ಅಡಿ ಬಯಲಿದ್ದರೆ ಎದುರಿನ ಗೋಡೆ ಹೆಚ್ಚೆಂದರೆ 20 ಅಡಿ ಎತ್ತರವಿರಬಹುದು. ಅಧಿಕಾರಿಯ ಮೂಗು ಹೇಳಿದ್ದೇ ಪ್ರಮಾಣವಾಗಿದ್ದ ಕಾಲದಲ್ಲಿ ಯಾರು ಬೇಕಾದರೂ ಅಳೆದು ನೋಡಬಹುದಾದ ಇಂಥ ನಿಯಮ ದೊಡ್ಡ ಮುನ್ನಡೆಯೆಂದೇ ಹೇಳಬೇಕು. ಆದರೆ ಅದು ಅಳೆದದ್ದು ಬೆಳಕನ್ನು ಮಾತ್ರ, ಬಾಡಿಗೆ ತೆರುವವನ ಶಕ್ತಿಯನ್ನಲ್ಲ. ನಾಗಪಾಡಾದಂಥ ಕಡೆ ಮನೆಗಳು ಉರುಳಿದಾಗ ಅಲ್ಲಿದ್ದವರು ಕೆಲಸದ ಜಾಗ ಬಿಟ್ಟು ದೂರ ಹೋಗಲಾರದೆ ಪಕ್ಕದ ಓಣಿಯ ಖೋಲಿಗಳಲ್ಲೇ ಇನ್ನಷ್ಟು ಒತ್ತೊತ್ತಾಗಿ ಸೇರಿಕೊಂಡರು. ಇಡೀ ಕೇರಿಯನ್ನು ಕೆಡವುವ ಬದಲು ಕಟ್ಟಡದ ಒಳಗಿನ ಕೆಲವು ಖೋಲಿಗಳನ್ನಷ್ಟೇ ತೆಗೆದು ಗಾಳಿ ಬಿಡಿಸುವ ದಾರಿಯತ್ತ ಆರ್ ಒಲಿದದ್ದಕ್ಕೆ ಈ ಅನುಭವವೂ ಕಾರಣ. ಟ್ರಸ್ಟ್ ತಾನೇ ಕಟ್ಟಿಸಿದ ಬಿಐಟಿ ಚಾಳುಗಳು, ಡಾ. ಬಿ. ಆರ್. ಅಂಬೇಡ್ಕರ್ ವರ್ಷಾನುಗಟ್ಟಲೆ ವಾಸವಿದ್ದ ಪರೇಲಿನ ಚಾಳೂ ಸೇರಿದಂತೆ, ನಗರದ ಹಳೆಯ ಕಟ್ಟಡಗಳ ಸಾಲಿಗೆ ಸೇರಿ ಬಹುಕಾಲವಾಯಿತು.

ಮುಂದಿನ ಶಿಥಿಲತೆಗೆ ಕಾರಣ ಬೇರೆ. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಅದರಿಂದ ಹೋಟೆಲು ಕೆಲಸಕ್ಕೆಂದು ದಕ್ಷಿಣ ಕನ್ನಡದಿಂದ ಬಂದವರಂಥ ವಲಸೆಗಾರರಿಗೂ ನಗರದ ನಡುವೆ ನೆಲೆ ಉಳಿಯಿತಾದರೂ, ಬರುವ ಬಾಡಿಗೆ ಸುಣ್ಣಕ್ಕೂ ಸಾಲದೆಂದು ಮಾಲೀಕರು ದುರಸ್ತಿಯ ಕೈಬಿಟ್ಟರು. 1969ರಲ್ಲಿ ಸರ್ಕಾರ ದುರಸ್ತಿ ಮಂಡಳಿಯೊಂದನ್ನು ರಚಿಸಿ, ‘ಸೆಸ್’ ಎಂಬ ವಿಶೇಷ ಕರ ತೆರುವ 19,642 ಹಳೆಯ ಕಟ್ಟಡಗಳನ್ನು ಅದರ ಪಾಲಿಗೆ ಒಪ್ಪಿಸಿತು. ಅವುಗಳಲ್ಲಿ ಅತಿ ಹಳೆಯವನ್ನು ಬೇರ್ಪಡಿಸಿದ ಗಡುವು ಕೂಡ 1940ರ ಸೆಪ್ಟೆಂಬರ್ 1ರದ್ದೇ ಆಗಿರುವುದು ಗಮನಾರ್ಹ: ಬಾಡಿಗೆ ನಿಂತ ದಿನವೇ ಕಟ್ಟಡದ ವಯಸ್ಸನ್ನು ಎಣಿಸುವ ಗೆರೆಯೂ ಆಯಿತು.

ಈಗಿನ ಅಕ್ಷರಗಳು ಬೇರೆಯಾಗಿವೆ. ‘ಸಿ-1’ ಎಂದರೆ ಒಡನೆಯೇ ತೆರವು ಮಾಡಿ ಕೆಡವಬೇಕಾದದ್ದು. ‘ಸಿ-2ಎ’ ಎಂದರೆ ಜನರನ್ನು ಹೊರಗಿಟ್ಟು ದೊಡ್ಡ ದುರಸ್ತಿ ಮಾಡಬೇಕಾದದ್ದು. ‘ಸಿ-2ಬಿ’ ಎಂದರೆ ಜನ ಒಳಗಿದ್ದಂತೆಯೇ ದುರಸ್ತಿಯಾಗಬಲ್ಲದ್ದು. ‘ಸಿ-3’ ಎಂದರೆ ಸಣ್ಣಪುಟ್ಟ ರಿಪೇರಿ ಸಾಕಾದದ್ದು. 30 ವರ್ಷ ದಾಟಿದ ಕಟ್ಟಡಕ್ಕೆ ಎಂಜಿನಿಯರಿನಿಂದ ತಪಾಸಣೆ ಮಾಡಿಸಬೇಕೆಂಬ ನಿಯಮವೂ ಇದೆ. ಕಾಂಕ್ರೀಟಿನ ತುಂಡೊಂದನ್ನು ಆಗತಾನೇ ಒಡೆದು ಫಿನಾಲ್ಫ್ಥಲೀನ್ ಎಂಬ ದ್ರಾವಣ ಸಿಂಪಡಿಸಿದರೆ ಒಳಗಿನ ಸತ್ವ ಉಳಿದಿರುವಷ್ಟು ಭಾಗ ಗಾಢ ಗುಲಾಬಿಗೆ ತಿರುಗುತ್ತದೆ. ಗಾಳಿಯ ಇಂಗಾಲಾಮ್ಲ ಹೊಕ್ಕು ಕ್ಷಾರಗುಣ ಕಳೆದ ಭಾಗ ಬಣ್ಣವೇರದೆ ಉಳಿಯುತ್ತದೆ, ಮತ್ತು ಆ ಬಣ್ಣಗೆಟ್ಟ ಪದರ ಕಬ್ಬಿಣದ ಸರಳನ್ನು ಮುಟ್ಟಿದ್ದರೆ ತುಕ್ಕಿಗೆ ತಡೆಯಿಲ್ಲವೆಂದೇ ಅರ್ಥ. ಮರದ ತೊಲೆಗಳ ಹಳೆಯ ಚಾಳುಗಳಲ್ಲಿ ಈ ಪರೀಕ್ಷೆಗೆ ಎಡೆಯಿಲ್ಲ; ಅಲ್ಲಿ ಮೋರಿಯ ನೀರು ಜಿನುಗುವ ಕಡೆ, ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ, ಮರ ಕೊಳೆತಿದೆಯೇ ಎಂಬುದನ್ನು ಬಲ್ಲವರ ಕಣ್ಣು, ಕೈಗಳೇ ಹೇಳಬೇಕು.

ಮಾಲೀಕ ಕರೆತಂದ ಎಂಜಿನಿಯರು ಕೆಡವಿರೆಂದೂ ಬಾಡಿಗೆದಾರರು ಕರೆತಂದವನು ದುರಸ್ತಿ ಸಾಕೆಂದೂ ವರದಿ ಕೊಡುವುದು ಸಾಮಾನ್ಯವಾದ್ದರಿಂದ, ಎರಡನ್ನೂ ತೂಗಿ ನೋಡಲು ಪಾಲಿಕೆಯಲ್ಲಿ ತಾಂತ್ರಿಕ ಸಲಹಾ ಸಮಿತಿಯಿದೆ. ಬಾಂಬೆ ಹೈಕೋರ್ಟು 2014ರಲ್ಲಿ ರೂಪಿಸಿದ ಮಾರ್ಗಸೂಚಿಗಳು ನೀರು ಮತ್ತು ವಿದ್ಯುತ್ತು ಕಡಿತಗೊಳಿಸಿಯಾದರೂ ಅಪಾಯದ ಕಟ್ಟಡವನ್ನು ತೆರವು ಮಾಡಿಸುವ ದಾರಿ ತೆರೆದವು. ಅವುಗಳಲ್ಲೇ ಇನ್ನೊಂದು ಮಾತೂ ಇದೆ, ಪ್ಲೇಗಿನ ಕಾಲದ ಮೂರಕ್ಷರಗಳು ಎಂದೂ ಆಡದಿದ್ದ ಮಾತು: ಕೆಡವುವ ಮೊದಲು ಅಧಿಕಾರಿ ಪ್ರತಿಯೊಂದು ಖೋಲಿಯ ನೆಲವನ್ನು ಅಳೆದು, ಅಲ್ಲಿ ಯಾರು ಎಷ್ಟು ಜಾಗದಲ್ಲಿ ವಾಸವಿದ್ದರು ಎಂಬುದನ್ನು ದಾಖಲಿಸಬೇಕು, ಕಟ್ಟಡ ನೆಲಸಮವಾದ ಮೇಲೆ ಬಾಡಿಗೆದಾರ ತನ್ನ ಹಕ್ಕನ್ನು ಕೇಳುವಾಗ ಕೈಯಲ್ಲಿ ಹಿಡಿಯುವುದು ಆ ಕಾಗದವನ್ನು.